ಜರಡಿಯ ಅನುಮಾನ

"ನಾನಿನ್ನೂ ಸದ್ದೇ ಕೊಟ್ಟಿಲ್ಲ... ನೀವು ಬಟನ್ ಯಾಕೆ ಒತ್ತಿದ್ರಿ?"

ಗಾಜಿನ ಆಚೆ, ದಪ್ಪ ಬಾಗಿಲಿನ ಪುಟ್ಟ ಕೋಣೆಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದವನ ಹೆಬ್ಬೆರಳು ಬಟನ್ ಮೇಲೇ ನಿಂತುಬಿಟ್ಟಿತು.

ಅವನು ತಲೆ ಎತ್ತಿ ನೋಡಿದ. ಅವಳೂ ನೋಡಿದಳು. ಸಿಕ್ಕಿಬಿದ್ದವನ ಕಣ್ಣು ಅಷ್ಟು ಚೆನ್ನಾಗಿರಬಾರದಿತ್ತು!

"ಕೊಟ್ರಿ ಅಂದ್ಕೊಂಡೆ ಮೇಡಂ..."

"ಅಂದ್ಕೊಂಡ್ರೋ, ಕೇಳಿಸ್ತೋ?"

ಅವನು ಬಟನ್ನಿನಿಂದ ಹೆಬ್ಬೆರಳು ತೆಗೆದ.

ಈ ಕಿವಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಕೆಲಸಕ್ಕೆ ಸೇರಿ ಅವಳಿಗೆ ಆರು ವರ್ಷವಾಗಿತ್ತು. ಕೇಳಿಸಿದರೂ ಕೇಳಿಸುವುದಿಲ್ಲ ಎಂದು ನಾಟಕ ಆಡುವವರನ್ನು ಬೇಕಾದಷ್ಟು ಕಂಡಿದ್ದಳು. ಕೆಲವರು ರಜೆಗಾಗಿ, ಕೆಲವರು ವರ್ಗಾವಣೆಗಾಗಿ. ಒಬ್ಬ ಯಜಮಾನರಂತೂ ಹೆಂಡತಿಗೆ ತೋರಿಸಲು ಚೀಟಿ ಬೇಕು ಎಂದು ಬಂದಿದ್ದರು. ಆದರೆ ಕೇಳಿಸದೆಯೇ ಕೇಳಿಸಿತು ಎನ್ನುವವನು ಇವನೇ ಮೊದಲು.

ಹೇಗೆ ಮಾಡಿದ ಎಂಬುದೂ ಅವಳಿಗೆ ಹೊಳೆಯಿತು. ನಾಲ್ಕು ಸದ್ದನ್ನು ಅವಳು ಒಂದೇ ಅಂತರದಲ್ಲಿ ಕೊಟ್ಟಿದ್ದಳು. ಐದನೆಯದರ ಹೊತ್ತಿಗೆ ಅವನು ಮನಸ್ಸಿನಲ್ಲೇ ತಾಳ ಹಾಕಿ ಒತ್ತಿದ್ದ. ಅದೂ ಕೂದಲೆಳೆಯಷ್ಟೂ ತಪ್ಪದೆ...

'ಕಳ್ಳ!' ಎಂದುಕೊಂಡಳು. 'ತಾಳ ಗೊತ್ತಿರೋ ಕಳ್ಳ.'

ಈ ಸಲ ಬೇಕೆಂದೇ ಅಡ್ಡಾದಿಡ್ಡಿ ಅಂತರದಲ್ಲಿ ಸದ್ದು ಕೊಟ್ಟಳು. ಗ್ರಾಫ್ ಕಾಗದದ ಮೇಲೆ ಬಲಗಿವಿಯ ಗೆರೆ ನೆಟ್ಟಗೆ ಹೋಯಿತು. ಎಡಗಿವಿಯದು ಮಾತ್ರ ತೆಳ್ಳನೆಯ ಕೀಚಲು ಸದ್ದುಗಳ ಹತ್ತಿರ, ನಾಲ್ಕು ಸಾವಿರ ಹರ್ಟ್ಜ್‌ನ ಗೆರೆಯಲ್ಲಿ, ದೊಪ್ಪನೆ ಗುಂಡಿಗೆ ಬಿತ್ತು.

"ಏನು ಕೆಲಸ ನಿಮ್ಮದು?"

"ಬಾಯ್ಲರ್ ಮೆಕ್ಯಾನಿಕ್. ಆಸ್ಪತ್ರೆಗಳ ಬಟ್ಟೆ ಒಗೆಯೋ ದೊಡ್ಡ ಲಾಂಡ್ರಿ ಇದೆಯಲ್ಲ, ಅಲ್ಲಿ. ಹನ್ನೊಂದು ವರ್ಷ ಆಯ್ತು. ಉಗಿ ಬಿಡೋ ಪೈಪು ಯಾವಾಗ್ಲೂ ನನ್ನ ಎಡಗಡೆನೇ." ಅವನು ಗ್ರಾಫ್ ನೋಡಿದ. ಮುಖದ ಬಣ್ಣ ಇಳಿಯಿತು. "ಮೇಡಂ... ಇದು ಯಾರಿಗೂ ಗೊತ್ತಾಗೋದು ಬೇಡ. ನನ್ನ ಕಿವಿ ನಂಬ್ಕೊಂಡು ಕೆಲವರಿದ್ದಾರೆ."

"ಈ ಕೋಣೆ ಮಾತು ಈ ಕೋಣೆ ದಾಟಲ್ಲ," ಎಂದಳು ಅವಳು. ಆ ಕ್ಷಣಕ್ಕೆ ಅದು ನಿಜವೇ ಆಗಿತ್ತು. "ಎರಡು ದಿನ ಬಾಯ್ಲರ್ ಹತ್ರ ಹೋಗ್ದೆ ಕಿವಿಗೆ ರೆಸ್ಟ್ ಕೊಟ್ಟು ಬನ್ನಿ. ಇನ್ನೊಂದು ಸಲ ನೋಡೋಣ."

ಅವನು ಹೋದ ಮೇಲೂ ಅವಳು ಆ ಕಾಗದವನ್ನೇ ನೋಡುತ್ತ ಕುಳಿತಳು.

ಈ ಗುಂಡಿ ಅವಳಿಗೆ ಹೊಸದಲ್ಲ. ನಿನ್ನೆಯಷ್ಟೇ ಇದನ್ನು ಅವಳು ಕೇಳಿದ್ದಳು... ಒಂದಲ್ಲ, ಐದು ಹಾಡುಗಳಲ್ಲಿ!

ಆಸ್ಪತ್ರೆಯ ಹೊರಗೆ ಅವಳಿಗೆ ಇನ್ನೊಂದು ಹೆಸರಿತ್ತು. ಜರಡಿ.

ಎಲೆಕ್ಟ್ರಾನಿಕ್ ಸಂಗೀತದ ಹುಚ್ಚಿರುವವರೆಲ್ಲ ಸೇರುವ ಒಂದು ಇಂಟರ್ನೆಟ್ ಫೋರಂ. ಅಲ್ಲಿ ಸಂಗೀತಕ್ಕಿಂತ ಜಗಳವೇ ಜಾಸ್ತಿ. ಒಂದು ಟ್ರ್ಯಾಕ್ 'ಹೌಸ್' ಪ್ರಕಾರದ್ದೋ 'ಟೆಕ್ನೋ' ಪ್ರಕಾರದ್ದೋ ಎಂಬುದರ ಮೇಲೆ ಹತ್ತು ವರ್ಷದ ಸ್ನೇಹ ಮುರಿದುಕೊಂಡವರಿದ್ದರು. ಆ ಫೋರಮ್ಮಿನಲ್ಲಿ ಪ್ರಕಾರಗಳ ಒಂದು ದೊಡ್ಡ ಪಟ್ಟಿ ಇತ್ತು. ಅದಕ್ಕೆ ಹೊಸ ಹೆಸರು ಸೇರಬೇಕಾದರೆ, ಆ ಬಗೆಯ ಸಂಗೀತ ಮಾಡುವ ಐದು ಬೇರೆ ಬೇರೆ ಜನರನ್ನು ತೋರಿಸಬೇಕು. ಏಳು ದಿನ ಚರ್ಚೆ. ಕೊನೆಗೆ ಜರಡಿಯ ತೀರ್ಮಾನ. ಜರಡಿ ಗಂಡೋ ಹೆಣ್ಣೋ ಈಗ ಅಲ್ಲಿರುವ ಯಾರಿಗೂ ಗೊತ್ತಿರಲಿಲ್ಲ.

ಹಿಂದೆ ಮೂರು ಜನ ಸಾಕಿತ್ತು. ಆಗ ಅವಳು ಒಂದು ಹೆಸರನ್ನು ನಂಬಿ ಪಟ್ಟಿಗೆ ಸೇರಿಸಿದ್ದಳು. ಆಮೇಲೆ ತಿಳಿಯಿತು, ಆ ಮೂವರೂ ಒಬ್ಬನೇ! ಅಷ್ಟೇ ಆಗಿದ್ದರೆ ನಕ್ಕು ಮರೆಯುತ್ತಿದ್ದಳೋ ಏನೋ. ಅವನು ಒಂದು ಹೆಸರಿನಲ್ಲಿ ಅವಳಿಗೆ ಪ್ರೀತಿಯ ಮಾತು ಬರೆಯುತ್ತಿದ್ದ. ಇನ್ನೊಂದು ಹೆಸರಿನಲ್ಲಿ 'ಅವನು ಬಂಗಾರದಂಥ ಮನುಷ್ಯ' ಎಂದು ತನ್ನನ್ನು ತಾನೇ ಹೊಗಳಿಕೊಳ್ಳುತ್ತಿದ್ದ. ಅವಳು ಎರಡನ್ನೂ ನಂಬಿದ್ದಳು.

ಆಮೇಲೆ ನಿಯಮ ಐದಕ್ಕೆ ಏರಿತು. ನಂಬಿಕೆ ಸೊನ್ನೆಗೆ ಇಳಿಯಿತು.

ಈ ವಾರದ ಜಗಳ 'ಉಗಿ' ಎಂಬ ಹೊಸ ಹೆಸರಿನದು. ನಿಧಾನವಾದ, ಮಷೀನಿನ ಉಸಿರಿನಂಥ ಸಂಗೀತ.

"ಇದು ಡಬ್ ಟೆಕ್ನೋ. ಯಾವ ಕಾಲದಿಂದಲೋ ಇದೆ. ಹೊಸ ಹೆಸರು ಯಾಕೆ?"

"ಡಬ್ ಟೆಕ್ನೋಗೆ ಡ್ರಮ್ ಬೇಕು ಸ್ವಾಮಿ. ಇದರಲ್ಲಿ ಎಲ್ಲಿದೆ?"

"ಆಂಬಿಯೆಂಟ್ ಅನ್ನಿ, ಮುಗಿಸಿ."

"ಆಂಬಿಯೆಂಟ್ ಕೇಳಿದ್ರೆ ನಿದ್ದೆ ಬರುತ್ತೆ. ಇದನ್ನ ಕೇಳಿದ್ರೆ ಬೆವರು ಬರುತ್ತೆ! ಎಡಗಡೆಯಿಂದ ಸೂಜಿ ಥರ ಒಂದು ಕೀಚಲು ಬರುತ್ತಲ್ಲ, ಅದೇ ಉಗಿಯ ಗುರುತು!"

ಆ ಕೀಚಲಿನ ಮೇಲೇ ಅವಳ ಕಣ್ಣು. ಐದೂ ಟ್ರ್ಯಾಕುಗಳಲ್ಲಿ, ಎಡಗಡೆಯಲ್ಲೇ, ಒಂದೇ ಎತ್ತರದಲ್ಲಿ ಅದು ಅತಿಯಾಗಿತ್ತು. ಮಾಡಿದವರ ಹೆಸರುಗಳೋ... ನೊರೆ, ಮಡಿಕೆ, ಹಗ್ಗ, ಕ್ಲಿಪ್ಪು, ಬಿಳಿಹಚ್ಚಡ. ಎಲ್ಲವೂ ಒಂದೇ ಮನೆಯ ವಾಸನೆ!

ಈಗ ಆ ಮನೆಯ ಬಾಗಿಲೂ ಸಿಕ್ಕಿತ್ತು. ಒಬ್ಬನಿಗೆ ಎಡಗಿವಿಯಲ್ಲಿ ಕೀಚಲು ಕೇಳಿಸದಿದ್ದರೆ, ತನಗೆ ಕೇಳಿಸುವವರೆಗೂ ಅದನ್ನು ಏರಿಸುತ್ತಾನೆ. ಉಳಿದವರ ಕಿವಿಗೆ ಅದು ಸೂಜಿ.

'ಮತ್ತೆ ಒಬ್ಬನೇ... ಮತ್ತೆ ಐದು ಮುಖವಾಡ...'

ಎರಡು ದಿನ ಬಿಟ್ಟು ಅವನು ಬಂದ. ಪರೀಕ್ಷೆ ಮತ್ತೆ ಅದನ್ನೇ ಹೇಳಿತು. ಗುಂಡಿ ತುಂಬುವಂಥದ್ದಲ್ಲ. ಅವನು ಹೊಸ ಗ್ರಾಫ್ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡ. ಆ ಮುಖ ನೋಡಲಾಗದೆ ಅವಳೇ "ಟೀ ಕುಡೀತೀರಾ?" ಎಂದುಬಿಟ್ಟಳು.

ಕರೆದದ್ದು ಕರುಣೆಯಿಂದಲೋ, ವಿಚಾರಣೆಗೋ? ಅವಳಿಗೇ ಗೊತ್ತಿರಲಿಲ್ಲ.

ಕ್ಯಾಂಟೀನಿನ ಮೂಲೆಯ ಮೇಜು. ಅವನು ಅವಳ ಎಡಕ್ಕೆ ಬಂದು ಕುಳಿತ. ಬಲಗಿವಿ ಅವಳ ಕಡೆ ಇರಲಿ ಎಂದು.

"ಹಾಡು ಗೀಡು ಕೇಳ್ತೀರಾ?" ಏನೂ ಅರಿಯದವಳಂತೆ ಕೇಳಿದಳು.

"ಕೇಳ್ತೀನಿ. ಸ್ವಲ್ಪ ಮಾಡ್ತೀವಿ ಕೂಡ." ಅವನ ಮುಖ ಅರಳಿತು. "ಬಟ್ಟೆ ಒಗೆಯೋ ಮಷೀನು ತಿರುಗೋದು ಕೇಳಿದ್ದೀರಾ ಮೇಡಂ? ಖಾಲಿ ಇದ್ದಾಗ ಒಂದು ಲಯ, ಒದ್ದೆ ಬಟ್ಟೆ ತುಂಬಿದಾಗ ಇನ್ನೊಂದು. ಅದನ್ನ ರೆಕಾರ್ಡ್ ಮಾಡಿ, ನಿಧಾನ ಮಾಡಿ..."

"ಮಾಡ್ತೀವಿ ಅಂದ್ರಿ. ಎಷ್ಟು ಜನ?"

ಅವನು ತಟ್ಟನೆ ನಿಲ್ಲಿಸಿದ. "ಏನ್ ಮೇಡಂ, ಪೊಲೀಸರ ಥರ ಕೇಳ್ತೀರಿ?"

"ಸುಮ್ನೆ ಕೇಳ್ದೆ."

"ಎಷ್ಟು ಜನ ಅಂತ ಯಾರಾದ್ರೂ ಕೇಳಿದ್ರೇ ಈಗ ಭಯ ಆಗುತ್ತೆ. ಇಂಟರ್ನೆಟ್ಟಲ್ಲಿ ಜರಡಿ ಅಂತ ಒಬ್ಬ ಇದ್ದಾನೆ. ನಮ್ಮ ಸಂಗೀತಕ್ಕೆ ಹೆಸರು ಕೊಡ್ಬೇಕೋ ಬೇಡ್ವೋ ಅವನ ಕೈಲಿದೆ. ಬರೀ ಅನುಮಾನ! ದಪ್ಪ ಮೀಸೆ ಬಿಟ್ಕೊಂಡಿರೋ ಯಾರೋ ಮುದುಕ ಇರ್ಬೇಕು."

ಅವಳಿಗೆ ಟೀ ನೆತ್ತಿಗೇರಿತು.

"ಅಯ್ಯೋ, ನಿಧಾನ!" ಅವನು ನೀರಿನ ಲೋಟ ಮುಂದಿಟ್ಟ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಲೋಟದ ಕಡೆ ನೋಡಿದರು.

'ಮಾತು ಬದಲಿಸಿದ. ಎಷ್ಟು ಜನ ಅಂತ ಹೇಳ್ಲೇ ಇಲ್ಲ,' ಎಂದಿತು ಅವಳ ಬುದ್ಧಿ. ಮನಸ್ಸು ಮಾತ್ರ ಆ ಬೆರಳಿನ ಹತ್ತಿರವೇ ಉಳಿದಿತ್ತು.

ಮಾರನೆಯ ದಿನವೂ ಬಂದ. ಪರೀಕ್ಷೆಯ ಕೋಣೆಯ ಬಾಗಿಲು ಕಿರ್ ಎನ್ನುತ್ತದೆ, ಪಾಪ ಕಿವಿ ಮಂದ ಇರುವವರಿಗೆ ತೊಂದರೆ ಎಂದು ಎಣ್ಣೆ ಡಬ್ಬಿ ತಂದಿದ್ದ. ಬಲಗಿವಿಯನ್ನು ಬಾಗಿಲಿಗೆ ಆನಿಸಿ, ತೆರೆದು ಮುಚ್ಚಿ, ಸದ್ದು ಪೂರ್ತಿ ಸಾಯುವವರೆಗೂ ಬಿಡಲಿಲ್ಲ. ಅದರ ಮಾರನೆಯ ದಿನ ಯಾವ ನೆಪವೂ ಇಲ್ಲದೆ ಬಂದ. ಇಬ್ಬರೂ ಆಸ್ಪತ್ರೆಯ ಗೇಟಿನವರೆಗೆ ನಡೆಯುವಷ್ಟು ದೂರವನ್ನು ಅರ್ಧ ಗಂಟೆ ನಡೆದರು.

'ಇಷ್ಟು ಒಳ್ಳೆಯವನಾಗಿ ಯಾಕೆ ಇರ್ತಾನೆ? ಏನೋ ಇದೆ...'

ಚರ್ಚೆಯ ಏಳನೆಯ ದಿನ ಸಂಜೆ. ಅಡುಗೆಮನೆಯ ಮೇಜಿನ ಮೇಲೆ ಅವಳು ಲ್ಯಾಪ್‌ಟಾಪ್ ತೆರೆದು ಕುಳಿತಿದ್ದಳು. ಎದುರಿಗೆ ಅತ್ತಿಗೆ ಬೀನ್ಸ್ ಹೆಚ್ಚುತ್ತಿದ್ದಳು.

"ಮೂತಿ ಯಾಕೇ ಹಾಗಿದೆ? ಆ ಡುಬ್ ಡುಬ್ ಹಾಡಿಗೆ ಇನ್ನೂ ನಾಮಕರಣ ಆಗಿಲ್ವಾ?"

"ಅತ್ತಿಗೆ... ಒಬ್ಬ ಮನುಷ್ಯ ನಿಜ ಹೇಳ್ತಿದ್ದಾನೋ ಇಲ್ವೋ ಹೇಗೆ ಗೊತ್ತಾಗುತ್ತೆ?"

ಚಾಕು ನಿಂತಿತು. "ಓಹೋ! ಯಾರೇ ಅವನು?"

"ಯಾರೂ ಇಲ್ಲ. ಹೇಳಿ."

"ನೇರವಾಗಿ ಕೇಳಿದ್ರೆ ಗೊತ್ತಾಗುತ್ತೆ. ಆದ್ರೆ ನೀನೆಲ್ಲಿ ಕೇಳ್ತೀಯ? ಪರೀಕ್ಷೆ ಮಾಡ್ತೀಯ!"

ಅವಳು ಪರದೆಯ ಕಡೆ ತಿರುಗಿದಳು. ಮೂರು ವರ್ಷದ ಹಿಂದಿನ ಆ ಎರಡು ಹೆಸರುಗಳ ಪ್ರೀತಿಯ ಮಾತುಗಳು ನೆನಪಾದವು. ಇನ್ನೊಂದು ಸಲ ಮೂರ್ಖಳಾಗುವುದಕ್ಕಿಂತ ಕಟುಕಿಯಾಗುವುದೇ ವಾಸಿ ಎನ್ನಿಸಿತು. ಬೆರಳು ಓಡಿತು.

"ಹೆಸರು ಐದು, ಕಿವಿ ಒಂದೇ ಜೋಡಿ. ಈ ಐದೂ ಟ್ರ್ಯಾಕ್ ಮಾಡಿದವನ ಎಡಗಿವಿಯಲ್ಲಿ ನಾಲ್ಕು ಸಾವಿರದ ಹತ್ತಿರ ದೊಡ್ಡ ಗುಂಡಿ ಇದೆ. ನೀವು ಉಗಿಯ ಗುರುತು ಎಂದು ಹೊಗಳುತ್ತಿರುವುದು ಒಬ್ಬನ ಕಿವುಡುತನ. ಈ ಹೆಸರು ಪಟ್ಟಿಗೆ ಸೇರುವುದಿಲ್ಲ."

ಕಳುಹಿಸಿದಳು. ಲ್ಯಾಪ್‌ಟಾಪ್ ಮುಚ್ಚಿದಳು.

ಬೆಳಿಗ್ಗೆ ಆಸ್ಪತ್ರೆ ತೆರೆಯುವ ಹೊತ್ತಿಗೆ ಅವನು ಬಾಗಿಲಲ್ಲೇ ನಿಂತಿದ್ದ. ಕೈಯಲ್ಲಿ ಗ್ರಾಫ್ ಕಾಗದ. ಮಡಿಚಿ ಮಡಿಚಿ ಸವೆದುಹೋಗಿತ್ತು.

"ಈ ಗುಂಡಿ ಎಷ್ಟರ ಗೆರೆಯಲ್ಲಿದೆ ಅಂತ ಭೂಮಿ ಮೇಲೆ ಇಬ್ಬರಿಗೇ ಗೊತ್ತಿತ್ತು," ಎಂದ. ಧ್ವನಿ ಏರಲೇ ಇಲ್ಲ. "ಒಬ್ಬ ನಾನು. ಜರಡಿ ನಾನಲ್ಲ."

ಅವಳ ಕೈಯಿಂದ ಬೀಗದ ಕೈ ಜಾರಿತು.

"ಟ್ರ್ಯಾಕ್ ಕೇಳಿದ್ರೇ ಗೊತ್ತಾಗ್ತಿತ್ತು... ನಾನು ಮೊದಲೇ..."

"ಅನುಮಾನ ಮೊದಲೇ ಇತ್ತು. ಖಾತ್ರಿ ಆಗಿದ್ದು ಈ ಕೋಣೇಲಿ. ಈ ಕೋಣೆ ಮಾತು ಈ ಕೋಣೆ ದಾಟಲ್ಲ ಅಂದಿದ್ರಿ."

"ನೀವು ಸುಳ್ಳು ಹೇಳಿದ್ರಿ! ಒಬ್ಬರೇ ಐದು ಹೆಸರು ಇಟ್ಕೊಂಡು..."

"ಐದೂ ಜನ ಇದ್ದಾರೆ ಮೇಡಂ." ಅವನು ನಕ್ಕ, ಆ ನಗುವಿನಲ್ಲಿ ಸಂತೋಷವಿರಲಿಲ್ಲ. "ಎಲ್ಲರೂ ನಮ್ಮ ಲಾಂಡ್ರಿಯವರೇ. ಸಂಗೀತ ಅವರದ್ದು. ಕೊನೆಗೆ ಎಲ್ಲ ಸದ್ದು ಹದವಾಗಿ ಮಿಕ್ಸ್ ಮಾಡಿಕೊಡೋದಷ್ಟೇ ನನ್ನ ಕೆಲಸ. 'ನಿನ್ನ ಕಿವಿ ಒಂದ್ಸಲ ಆಗ್ಲಿ' ಅಂತ ತಂದು ಕೊಡ್ತಿದ್ರು. ಇನ್ಮೇಲೆ ಕೊಡಲ್ಲ. ನಿಮಗೆ ಯಾವತ್ತಾದ್ರೂ ನೇರವಾಗಿ ಕೇಳ್ಬೇಕು ಅನ್ನಿಸ್ಲಿಲ್ವಾ?"

"ಕೇಳಿದ್ನಲ್ಲ... ಎಷ್ಟು ಜನ ಅಂತ..."

"ಕೇಳಿದ್ದು ಜರಡಿ. ನೀವಲ್ಲ."

ಕಾಗದವನ್ನು ಅವಳ ಮೇಜಿನ ಮೇಲಿಟ್ಟು ಹೊರಟುಹೋದ. ಅವನೇ ಎಣ್ಣೆ ಹಾಕಿದ್ದ ಬಾಗಿಲು ಸದ್ದಿಲ್ಲದೆ ಮುಚ್ಚಿತು. ಅವಳು ಅಲ್ಲೇ ಕುಸಿದು ಕುಳಿತು ಅತ್ತಳು.

ಅತ್ತು ಮುಗಿದ ಮೇಲೆ ನೇರವಾಗಿ ಆಸ್ಪತ್ರೆ ನಡೆಸುವ ಡಾಕ್ಟರಮ್ಮನ ಮುಂದೆ ನಿಂತು ನಡೆದದ್ದನ್ನೆಲ್ಲ ಒಪ್ಪಿಕೊಂಡಳು. ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಹೆಸರು ಹಾಕಿಲ್ಲ ಅನ್ನೋದು ಸಮಾಧಾನ ಅಲ್ಲಮ್ಮ. ಒಂದು ತಿಂಗಳು ಆ ಕೋಣೆಗೆ ಕಾಲಿಡ್ಬೇಡ. ಹೊರಗೆ ಕೂತು ಚೀಟಿ ಬರಿ. ಮೊದಲು ಆ ಮನುಷ್ಯನ ಹತ್ರ ಹೋಗು."

ಶನಿವಾರ ಮಧ್ಯಾಹ್ನ ಲಾಂಡ್ರಿಯ ಗೇಟಿನ ಮುಂದೆ ನಿಂತಾಗ, ನಿಮ್ಮಾಣೆ, ಅವಳಿಗೆ ಇನ್ನೂ ಅನುಮಾನವಿತ್ತು! ಕ್ಷಮೆ ಕೇಳುವುದಕ್ಕೆ ಬಂದದ್ದು ಅರ್ಧ, ಐದು ತಲೆ ಎಣಿಸುವುದಕ್ಕೆ ಬಂದದ್ದು ಇನ್ನರ್ಧ. ಕಂಕುಳಲ್ಲಿ ಒಂದು ಹೊದಿಕೆ ಬೇರೆ, ಯಾರಾದರೂ ಕೇಳಿದರೆ ಒಗೆಯಲು ತಂದೆ ಎನ್ನುವುದಕ್ಕೆ.

ಒಳಗೆ ಬಿಸಿ ಗಾಳಿ, ಸೋಪಿನ ಘಾಟು. ಸಾಲಾಗಿ ನಿಂತ ಮಷೀನುಗಳ ಹಿಂದೆ, ಇಸ್ತ್ರಿ ಮೇಜಿನ ಸುತ್ತ ಊಟದ ಬಿಡುವಿನಲ್ಲಿ ಜನ ಸೇರಿದ್ದರು. ಇಸ್ತ್ರಿಯ ಅಕ್ಕ, ಬಟ್ಟೆ ಮಡಿಸುವ ತಾತ, ಮಷೀನಿಗೆ ಬಟ್ಟೆ ತುಂಬುವ ಅಣ್ಣ-ತಮ್ಮ, ವ್ಯಾನಿನ ಡ್ರೈವರ್.

ಒಂದು, ಎರಡು, ಮೂರು, ನಾಲ್ಕು... ಐದು.

ಅವಳು ಇನ್ನೊಂದು ಸಲ ಎಣಿಸಿದಳು. ಐದೇ.

ಮೇಜಿನ ಮೇಲೊಂದು ಹಳೆಯ ಕಂಪ್ಯೂಟರ್, ಎರಡು ಸ್ಪೀಕರ್. ಐವರೂ ಕಿತ್ತಾಡುತ್ತಿದ್ದರು.

"ತಾತ, ನಿಮ್ಮ ಮಡಿಕೆ ಸದ್ದು ಜಾಸ್ತಿ ಆಯ್ತು!"

"ನಿನ್ನ ನೊರೆ ಸದ್ದಿಗಿಂತ ವಾಸಿ ಹೋಗೋ!"

ದೂರದಲ್ಲಿ, ಬಾಯ್ಲರ್ ಹತ್ತಿರದ ಸ್ಟೂಲಿನ ಮೇಲೆ ಅವನು ಒಬ್ಬನೇ ಕುಳಿತಿದ್ದ. ಈ ಕಡೆ ಬೆನ್ನು. ಇಸ್ತ್ರಿಯ ಅಕ್ಕ ಅವನತ್ತ ತಿರುಗಿ ಮೆತ್ತಗೆ ಹೇಳಿದಳು, "ನಮ್ಮದು ನಾವೇ ಹೇಗೋ ನೋಡ್ಕೊಳ್ತೀವಿ ತಮ್ಮಾ. ನೀನು ಕಿವಿ ನೋಡ್ಕೋ. ಸುಸ್ತು ಮಾಡ್ಕೋಬೇಡ."

ಅವನು ತಲೆಯಾಡಿಸಿದ. ಬೈದಿದ್ದರೂ ಅವನಿಗೆ ಅಷ್ಟು ನೋಯುತ್ತಿರಲಿಲ್ಲ ಎಂಬುದು ಅವನ ಭುಜ ನೋಡಿದವರಿಗೆ ತಿಳಿಯುತ್ತಿತ್ತು.

ಅವಳು ಹೊದಿಕೆಯನ್ನು ಕೆಳಗಿಟ್ಟು ಮುಂದೆ ಬಂದಳು.

"ಜರಡಿ ನಾನೇ."

ಐದು ಮುಖಗಳು ಒಟ್ಟಿಗೆ ತಿರುಗಿದವು. ಅವನು ಎದ್ದು ನಿಂತ.

"ಮೀಸೆ ಇಲ್ವಲ್ಲ!" ಎಂದರು ತಾತ.

"ನಿಮ್ಮನ್ನೆಲ್ಲ ಇಲ್ಲ ಅಂದೆ. ಇವರ ಕಿವಿ ವಿಷಯ ನನ್ನ ಹತ್ರ ಗುಟ್ಟಾಗಿರ್ಬೇಕಿತ್ತು. ಊರಿಗೆಲ್ಲ ಸಾರಿದೆ. ತಪ್ಪಾಯ್ತು." ಅವಳು ಅವನನ್ನೇ ನೋಡಿದಳು. "ಈಗಲೂ ಬಾಗಿಲಲ್ಲಿ ನಿಂತು ಐದು ಜನರನ್ನ ಎಣಿಸಿಯೇ ಒಳಗೆ ಬಂದೆ. ನನ್ನ ಬುದ್ಧಿಯೇ ಹಾಗೆ. ಹಿಂದೆ ಒಬ್ಬನನ್ನ ನಂಬಿ ಕೆಟ್ಟಿದ್ದೆ... ನೀವು ಇಷ್ಟ ಆಗೋಕೆ ಶುರುವಾದ್ರಿ. ಅದಕ್ಕೇ ಹೆದರಿಕೆ ಆಯ್ತು."

ಮಷೀನುಗಳಷ್ಟೇ ತಿರುಗುತ್ತಿದ್ದವು.

ಅವಳು ಆ ಹಳೆಯ ಕಂಪ್ಯೂಟರಿನಲ್ಲೇ ಎಲ್ಲರೆದುರು ಫೋರಂ ತೆರೆದು ಬರೆದಳು. ತೀರ್ಮಾನ ತಪ್ಪು, ಐದೂ ಜನರನ್ನು ಕಣ್ಣಾರೆ ಕಂಡೆ, ಒಬ್ಬರ ದೇಹದ ವಿಷಯ ಬರೆದದ್ದು ನನ್ನ ಅಪರಾಧ, ಅದನ್ನು ಅಳಿಸಿದ್ದೇನೆ, ಪಟ್ಟಿಯ ಕೆಲಸ ಬಿಡುತ್ತಿದ್ದೇನೆ, ಉಗಿಯ ತೀರ್ಮಾನ ಬೇರೆಯವರು ಮಾಡಲಿ. ನಿಮಿಷದೊಳಗೆ ಮೊದಲ ಉತ್ತರ ಬಂತು.

"ಅಂದ್ರೆ ಇದು ಡಬ್ ಟೆಕ್ನೋ ತಾನೇ?"

ಇಸ್ತ್ರಿಯ ಅಕ್ಕ ಕಿಸಕ್ಕನೆ ನಕ್ಕಳು. ಅವನು ಮಾತ್ರ ನಗಲಿಲ್ಲ.

"ಬರೆದ್ರಿ, ಸರಿ. ನನ್ನ ಕಿವಿ ವಾಪಸ್ ಬರುತ್ತಾ?"

"ಇಲ್ಲ," ಎಂದಳು. ಸುಳ್ಳು ಸಮಾಧಾನ ಅವಳಿಗೆ ಬರುತ್ತಿರಲಿಲ್ಲ. "ಆದ್ರೆ ನಿಮ್ಮ ಕಿವಿಗೆ ಬರೀ ಕೀಚಲು ಮಾತ್ರ ಕೇಳಿಸಲ್ಲ. ಉಳಿದದ್ದೆಲ್ಲ ನನಗಿಂತ ಚೆನ್ನಾಗಿ ಕೇಳಿಸುತ್ತೆ. ನಾನೇ ಪರೀಕ್ಷೆ ಮಾಡಿದ್ದೀನಿ. ಬನ್ನಿ, ಕೂತ್ಕೊಳ್ಳಿ."

ಅವನು ಬರಲಿಲ್ಲ. ಅಕ್ಕ ಅವನ ತೋಳು ಹಿಡಿದು ತಂದು ಕುರ್ಚಿಯಲ್ಲಿ ಕೂರಿಸಿದಳು. ಕರೆದವಳು ಅವನ ಎಡಕ್ಕೆ ಕುಳಿತು, ತಾತನ ಟ್ರ್ಯಾಕ್ ಹಾಕಿ, ಆ ಕೀಚಲನ್ನು ಮೆಲ್ಲಗೆ ಇಳಿಸುತ್ತ ಬಂದಳು. ಇನ್ನಷ್ಟು... ಇನ್ನೂ ಸ್ವಲ್ಪ...

"ಏನು ಮಾಡಿದ್ರಿ?" ಎಂದ ಅವನು. "ನನ್ನ ಎಡಗಿವಿಗೆ ಈಗ ಅದು ಕೇಳಿಸ್ತಾನೇ ಇಲ್ಲ."

"ಕೇಳಿಸಲ್ಲ. ಉಳಿದವರಿಗೆ ಅದು ಹದವಾಗಿ ಕೇಳಿಸುತ್ತೆ ಅಂತ ನೀವು ನಂಬ್ಬೇಕು ಅಷ್ಟೇ."

"ನಿಮ್ಮನ್ನ?"

"ನನ್ನನ್ನ."

ಅವಳಿಗೆ ಅಳು ಬಂದಿತ್ತು. ಯಾರನ್ನೂ ನಂಬದೆ ಇಷ್ಟು ವರ್ಷ ಕಳೆದವಳು ಈಗ ಕೈ ಚಾಚಿ ನಂಬಿಕೆ ಬೇಡುತ್ತಿದ್ದಳು. ಅವನು ಪರದೆಯ ಕಡೆ ನೋಡಲಿಲ್ಲ, ಅಕ್ಕನ ಮುಖದ ಕಡೆಯೂ ನೋಡಲಿಲ್ಲ. ಅವಳನ್ನೇ ನೋಡಿದ.

"ಸೇವ್ ಮಾಡಿ," ಎಂದ.

ಅಕ್ಕ ನಿಟ್ಟುಸಿರು ಬಿಟ್ಟಳು. "ಅಬ್ಬ! ಮೊದಲಿಂದ್ಲೂ ಆ ಕೀಚಲಿಗೆ ನನ್ನ ಹಲ್ಲು ಜುಂ ಅಂತಿತ್ತು. ಇವನು ತಿಳ್ಕೊಂಡೋನು, ಹಾಗೇ ಇರ್ಬೇಕೇನೋ ಅಂತ ಸುಮ್ನಿದ್ದೆ!"

"ನನಗೂ!" ಎಂದರು ತಾತ. "ನನಗೂ!" ಎಂದರು ಅಣ್ಣ-ತಮ್ಮ. ಅವನು ಮುಖ ಮುಚ್ಚಿಕೊಂಡು ನಗತೊಡಗಿದ. ನಗುತ್ತಲೇ ಕಣ್ಣೊರೆಸಿಕೊಂಡ. ಅಕ್ಕ ತನ್ನ ಟ್ರ್ಯಾಕನ್ನೂ ಅವನ ಮುಂದೆ ತಳ್ಳಿದಳು. "ತಗೋ, ನಿನ್ನ ಕಿವಿ ಒಂದ್ಸಲ ಆಗ್ಲಿ. ಈ ಹುಡುಗೀದೂ ಆಗ್ಲಿ."

ಬಿಡುವು ಮುಗಿಯಿತು. ಎಲ್ಲರೂ ಕೆಲಸಕ್ಕೆ ಹೋದರು. ಗೇಟಿನವರೆಗೆ ಬಿಡಲು ಅವನು ಬಂದ. ಗೋಡೆಯಾಚೆ ಪೈಪಿನಿಂದ ಉಗಿ ಬುಸ್ಸೆಂದು ಹೊರಟಿತು. ಅವಳು ಬೆಚ್ಚಿ ಅವನ ತೋಳು ಹಿಡಿದಳು. ಉಗಿ ನಿಂತ ಮೇಲೂ ಬಿಡಲಿಲ್ಲ.

"ನನ್ನ ಕೋಪ ಪೂರ್ತಿ ಹೋಗಿಲ್ಲ," ಎಂದ ಅವನು.

"ಗೊತ್ತು."

"ಆದ್ರೆ ನೀನಂದ್ರೆ ನನಗೂ ಇಷ್ಟ. ಕೋಪ ಬಂದ ದಿನವೂ ಇಷ್ಟವೇ ಇತ್ತು. ಅದೇ ಕಷ್ಟ."

'ನೀವು' ಎನ್ನುತ್ತಿದ್ದವನು 'ನೀನು' ಎಂದಿದ್ದ. ಅವಳ ಕೆನ್ನೆ ಬಿಸಿಯಾಯಿತು.

"ನಿಜ ಹೇಳು," ಎಂದ. "ಇನ್ನೂ ನನ್ನ ಮೇಲೆ ಅನುಮಾನ ಇದೆಯಾ?"

ಅವಳು ಯೋಚಿಸಿದಳು. ಸುಳ್ಳು ಹೇಳಬಹುದಿತ್ತು.

"ಇದೆ... ದಿನಾ ಸ್ವಲ್ಪ ಸ್ವಲ್ಪ ಬರುತ್ತೆ."

"ಹಾಗಾದ್ರೆ ದಿನಾ ಬಾ," ಎಂದ ಅವನು. "ದಿನಾ ನನ್ನನ್ನೇ ಕೇಳು."